ಮಡಚು ಚಾಕುವಿನ ಮೂರನೆಯ ಕಲಮು

ಆ ಸುತ್ತೋಲೆಯಲ್ಲಿ "ಓದಿದ್ದೇನೆ" ಎಂದಷ್ಟೇ ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಬರೆದ ಪುಣ್ಯಾತ್ಮ ಯಾರೋ, ಜೊತೆಗೆ "ಅರ್ಥ ಮಾಡಿಕೊಂಡಿದ್ದೇನೆ" ಎಂದೂ ಸೇರಿಸಿಬಿಟ್ಟಿದ್ದ. ಬೆಳಿಗ್ಗೆ ಹತ್ತೂಕಾಲಿಗೆ ಅದು ನಕ್ಷೆ ಕಚೇರಿಯಲ್ಲಿ ಮೇಜಿಂದ ಮೇಜಿಗೆ ಪ್ರಯಾಣ ಹೊರಟಿತು. ಕಚೇರಿಯಲ್ಲಿದ್ದವರು ಮೂವತ್ತೊಂಬತ್ತು ಜನ. ಅವರಲ್ಲಿ ಮೂವತ್ತೆಂಟು ಜನ ಚಹಾ ಆರುವುದರೊಳಗೆ ಸಹಿ ಹಾಕಿ ಕೈ ತೊಳೆದುಕೊಂಡರು. ಉಳಿದವನು ಯಾಕಣ್ಣ.

ಅವನಿಗೆ ಬೇರೆ ಹೆಸರೊಂದಿತ್ತು, ಆದರೆ ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ, ಟಪಾಲು ಪುಸ್ತಕದ ಗೆರೆ ಯಾಕೆ ಕೆಂಪು, ಮೊಹರಿನ ಅರಗು ಯಾಕೆ ಕಂದು, ಈ ಒಂದು ಕಿಟಕಿ ಮಾತ್ರ ಯಾಕೆ ಒಳಗಡೆಗೆ ತೆರೆಯುತ್ತದೆ ಎಂದು ಕೇಳಿ ಕೇಳಿ ಈ ಹೆಸರನ್ನು ಸಂಪಾದಿಸಿದ್ದ. ಇಪ್ಪತ್ತೆರಡು ವರ್ಷವಾದರೂ ಅವನು ಕೇಳುವುದನ್ನು ಬಿಟ್ಟಿರಲಿಲ್ಲ, ಉಳಿದವರು ಉತ್ತರ ಹೇಳುವುದನ್ನು ಬಿಟ್ಟಿದ್ದರು.

ಅವನ ಕೆಲಸ ಟಪಾಲು ಬಿಚ್ಚುವುದು. ಬೇರೆ ಬೇರೆ ಊರುಗಳಿಂದ ನಕ್ಷೆಗಳು ತಗಡಿನ ಕೊಳವೆಗಳಲ್ಲಿ ಬರುತ್ತಿದ್ದವು. ಮೇಲೆ ಬಟ್ಟೆಯ ಹೊಲಿಗೆ, ಅದರ ಮೇಲೆ ಹುರಿಯ ಗಂಟು, ಗಂಟಿನ ಮೇಲೆ ಅರಗು. ಯಾಕಣ್ಣ ಜೇಬಿನಿಂದ ಮಡಚು ಚಾಕು ತೆಗೆದು, ಅಲಗನ್ನು ಹೆಬ್ಬೆರಳಿನಿಂದ ಬಿಡಿಸಿ, ಅರಗಿನ ಕೆಳಗೆ ಮೆಲ್ಲಗೆ ತೂರಿಸಿ ಒಂದೇ ಎಳೆತಕ್ಕೆ ಗಂಟನ್ನು ಕತ್ತರಿಸುತ್ತಿದ್ದ. ಒಳಗಿರುವುದು ಯಾವ ಊರಿನ ಯಾವ ಮೂಲೆಯೋ ಎಂದು ತಿಳಿಯುವ ಆ ಕ್ಷಣಕ್ಕಾಗಿಯೇ ಅವನು ದಿನಾ ಕಚೇರಿಗೆ ಬರುತ್ತಿದ್ದ ಎಂದರೂ ತಪ್ಪಿಲ್ಲ. ಬಡ್ತಿ ಬೇಡ ಎಂದು ಎರಡು ಸಲ ಬರೆದುಕೊಟ್ಟಿದ್ದ.

ಚಾಕು ಅವನ ಮಾವ ಕೊಟ್ಟದ್ದು. ಮಾವ ಬಡಗಿ. ಅಳಿಯನಿಗೆ ಮೊಳೆ ಹೊಡೆಯಲು ಬರುವುದಿಲ್ಲ, ಗರಗಸ ಹಿಡಿಯಲು ಬರುವುದಿಲ್ಲ ಎಂದು ಮದುವೆಯಾದಂದಿನಿಂದ ಬೈದುಕೊಂಡೇ ಬಂದವರು, ಬೈಯದೆ ಕೊಟ್ಟ ಒಂದೇ ಒಂದು ವಸ್ತು ಅದು. ಈಗ ಮಗಳ ಮನೆಯಲ್ಲೇ ಇದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಚಾಕು ಕೇಳಿ ಪಡೆದು, ಅಲಗಿನ ಹರಿತವನ್ನು ಬೆರಳಲ್ಲಿ ಸವರಿ ನೋಡಿ, ಹುಂ ಎಂದು ವಾಪಸು ಕೊಡುತ್ತಾರೆ. ಆ ಒಂದು ಹುಂ ಕೇಳಿದರೆ ಯಾಕಣ್ಣನಿಗೆ ವಾರವಿಡೀ ಸಾಕು.

ನಕ್ಷೆ ಕಚೇರಿಯಲ್ಲಿ ಚಾಕು ಇದ್ದದ್ದು ಅವನೊಬ್ಬನ ಹತ್ತಿರ ಮಾತ್ರವಲ್ಲ. ನಕ್ಷೆ ಬರೆಯುವವರಿಗೆ ಪೆನ್ಸಿಲಿನ ಮೊನೆ ಸೂಜಿಯಂತಿರಬೇಕು. ಶಾರ್ಪನರಿಗೆ ಹಾಕಿದರೆ ಸೀಸ ಮುರಿಯುತ್ತದೆ ಎಂದು ಎಲ್ಲರೂ ಮಡಚು ಚಾಕುವಿನಲ್ಲೇ ಹೆರೆಯುತ್ತಿದ್ದರು. ಇನ್ನಾವುದೋ ಊರಿನ ನಕ್ಷೆಗಾರನೊಬ್ಬ ಹೀಗೆ ಜೇಬಲ್ಲಿ ಚಾಕು ಇಟ್ಟುಕೊಂಡು ರೈಲು ನಿಲ್ದಾಣದಲ್ಲಿ ಸಿಕ್ಕಿಬಿದ್ದನಂತೆ. ಅದಕ್ಕೇ ಕೇಂದ್ರ ಕಚೇರಿಯಿಂದ ಈ ಸುತ್ತೋಲೆ. "ಮಡಚು ಚಾಕು ಒಯ್ಯುವ ಬಗ್ಗೆ ನಮ್ಮ ಊರಿನ ಕಾನೂನನ್ನು ಓದಿ ಅರ್ಥ ಮಾಡಿಕೊಂಡಿದ್ದೇನೆ" ಎಂದು ಎಲ್ಲರೂ ಸಹಿ ಮಾಡಬೇಕು. ಸಂಜೆ ಐದರೊಳಗೆ ಸಹಿ ಮಾಡದವರ ಚಾಕುವನ್ನು ಸ್ಟೋರಿಗೆ ಜಮಾ ಮಾಡಬೇಕು.

ಯಾಕಣ್ಣ ಹಾಳೆಯನ್ನು ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ. ಎದ್ದು ಮೇಲ್ವಿಚಾರಕಿ ಮೇಡಂ ಹತ್ತಿರ ಹೋಗಿ, ಕಾನೂನು ಎಲ್ಲಿದೆ ಎಂದು ಕೇಳಿದ.

"ಯಾವ ಕಾನೂನು?" ಎಂದರು ಮೇಡಂ.

"ಇದರಲ್ಲಿ ಓದಿದ್ದೇನೆ ಅಂತ ಬರೆದಿದೆಯಲ್ಲ ಮೇಡಂ, ಅದು."

ಮೇಡಂ ಹಾಳೆಯನ್ನು ಮೊದಲ ಸಲ ಸರಿಯಾಗಿ ಓದಿದರು. ಆ ಪಟ್ಟಿಯಲ್ಲಿ ಅವರದು ಎರಡನೆಯ ಸಹಿ, ಸಾಹೇಬರದು ಮೊದಲನೆಯದು. ಕಾನೂನಿನ ಪ್ರತಿ ಬಂದಿಲ್ಲ, ಬರುವುದೂ ಇಲ್ಲ, ತಮಗೆ ಬೇಕಾಗಿರುವುದು ಮೂವತ್ತೊಂಬತ್ತು ಸಹಿ ಅಷ್ಟೇ ಎಂದು ವಿವರಿಸಿದರು. ಓದದೆ ಓದಿದ್ದೇನೆ ಎಂದು ಹೇಗೆ ಬರೆಯಲಿ ಎಂದು ಯಾಕಣ್ಣ ಕೇಳಿದ. ಅವನ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿತ್ತು. ಮೇಡಂಗೆ ಜಗಳವಾದರೆ ನಿಭಾಯಿಸಿ ಅಭ್ಯಾಸ, ಇದನ್ನು ನಿಭಾಯಿಸಲು ಬರುತ್ತಿರಲಿಲ್ಲ. ಸಂಜೆ ಐದರವರೆಗೆ ಟೈಮಿದೆ, ಎಲ್ಲಾದರೂ ಹೋಗಿ ಓದಿಕೊಂಡು ಬನ್ನಿ ಎಂದು ಕಳಿಸಿದರು. ಬೇರೆಯವರಿಗೆ ಹೀಗೆಂದರೆ ಅದು ಬೈಗುಳ. ಯಾಕಣ್ಣನಿಗೆ ಅಪ್ಪಣೆ ಸಿಕ್ಕಿತ್ತು.

ಮೊದಲು ಹೋದದ್ದು ಪಕ್ಕದ ಹಾಲಿನಲ್ಲಿದ್ದ ಸ್ಕೇಲು ಹತ್ತಿರ. ಸ್ಕೇಲು ಹಿರಿಯ ನಕ್ಷೆಗಾರ. ಬಸ್ಸಿನಲ್ಲಿ ಸೀಟು ಸಿಕ್ಕರೂ ಗೇಣು ಹಾಕಿ ಅಳೆದೇ ಕೂರುವ ಮನುಷ್ಯ. ಕಾನೂನಾ, ನನಗೆ ಗೊತ್ತು ಎಂದ. ಅಲಗು ನಾಲ್ಕು ಬೆರಳಿನಷ್ಟಿದ್ದರೆ ಸರಿ, ದಾಟಿದರೆ ತಪ್ಪು.

"ಯಾರ ಬೆರಳು?" ಯಾಕಣ್ಣ ಕೇಳಿದ.

ಸ್ಕೇಲು ತನ್ನ ಬೆರಳು ನೋಡಿಕೊಂಡ, ಆಮೇಲೆ ಯಾಕಣ್ಣನ ಬೆರಳು ನೋಡಿದ. ಇಪ್ಪತ್ತು ವರ್ಷದಿಂದ ತಾನು ಹೇಳಿಕೊಂಡು ಬಂದ ಮಾತಿನಲ್ಲಿ ಇಷ್ಟು ದೊಡ್ಡ ತೂತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬೆರಳು ಬೇಡ, ಅಳೆದೇ ನೋಡೋಣ ಎಂದು ಉಕ್ಕಿನ ಪಟ್ಟಿ ತೆಗೆದ. ಅಲಗು ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆ ಆಗ ಎದ್ದಿತು. ಹರಿತವಿರುವ ಕಡೆಯಿಂದಲೋ, ಹಿಡಿಯ ಅಂಚಿನಿಂದಲೋ? ಅಲಗು ಸ್ವಲ್ಪ ಬಾಗಿದೆಯಲ್ಲ, ನೇರಕ್ಕೆ ಅಳೆಯಬೇಕೋ, ಬಾಗಿನ ಗುಂಟ ಅಳೆಯಬೇಕೋ? ನದಿಯನ್ನು ನೇರಕ್ಕೆ ಅಳೆದರೆ ಮೇಲಿನವರು ಒಪ್ಪುತ್ತಾರಾ ಎಂದು ಮೂಲೆಯಿಂದ ಒಬ್ಬ ಕೇಳಿದ. ಇನ್ನೊಬ್ಬ ದಾರ ತಂದ. ಮತ್ತೊಬ್ಬ ಚಾಕುವನ್ನು ಹಾಳೆಯ ಮೇಲಿಟ್ಟು ಎರಡರಷ್ಟು ಹಿಗ್ಗಿಸಿ ನಕ್ಷೆಯನ್ನೇ ಬರೆದ, ಬರೆದು ಅಭ್ಯಾಸಬಲದಿಂದ ಮೂಲೆಯಲ್ಲಿ ದಿಕ್ಕು ತೋರಿಸುವ ಬಾಣವನ್ನೂ ಹಾಕಿದ. ಹನ್ನೊಂದೂವರೆಯ ಹೊತ್ತಿಗೆ ಹಾಲಿನಲ್ಲಿ ಒಬ್ಬರೂ ಕೆಲಸ ಮಾಡುತ್ತಿರಲಿಲ್ಲ. ಅಲಗಿಗೆ ಐದು ಉದ್ದಗಳು ಸಿಕ್ಕಿದ್ದವು. ಐದೂ ಸರಿಯೇ ಎಂದು ಐವರೂ ಮೇಜು ಕುಟ್ಟಿ ಹೇಳುತ್ತಿದ್ದರು.

ಮೇಡಂ ಬಾಗಿಲಲ್ಲಿ ನಿಂತು ಕೆಮ್ಮಿದರು. ಎಲ್ಲರೂ ಪೆನ್ಸಿಲ್ ಹೆರೆಯುವವರಂತೆ ತಲೆ ತಗ್ಗಿಸಿದರು.

"ಪೊಲೀಸರನ್ನೇ ಕೇಳಪ್ಪ. ಕಾನೂನು ಅವರ ಹತ್ರ ಇರ್ದೆ ಇನ್ಯಾರ ಹತ್ರ ಇರುತ್ತೆ?" ಎಂದು ಸ್ಕೇಲು ಪಿಸುಗುಟ್ಟಿದ.

ಠಾಣೆ ರಸ್ತೆಯ ಆಚೆ ಬದಿಗಿತ್ತು. ಯಾಕಣ್ಣ ರಸ್ತೆ ದಾಟಿ, ಎರಡು ಮೆಟ್ಟಿಲು ಹತ್ತಿ, ಮೂರನೆಯದರ ಮೇಲೆ ಕಾಲಿಟ್ಟಾಗ ಅವನಿಗೆ ಒಂದು ವಿಷಯ ಹೊಳೆಯಿತು. ಚಾಕು ಜೇಬಿನಲ್ಲೇ ಇತ್ತು. ಇದು ತಪ್ಪೋ ಅಲ್ಲವೋ ಎಂದು ಕೇಳಲು ಹೋಗುವವನು, ತಪ್ಪೇ ಆಗಿದ್ದರೆ, ಮಾಲು ಸಮೇತ ತಾನಾಗಿಯೇ ಠಾಣೆಗೆ ನಡೆದು ಬಂದಂತಾಯಿತಲ್ಲ. ಹೊರಗೆ ಕಟ್ಟೆಯ ಮೇಲಿಟ್ಟು ಹೋಗೋಣವೆಂದರೆ ಯಾರಾದರೂ ಹೊಡೆದುಕೊಂಡು ಹೋದರೆ ಭಾನುವಾರ ಮಾವನಿಗೆ ಏನು ಹೇಳುವುದು? ಜೇಬಿನ ಮೇಲೆ ಅಂಗೈ ಒತ್ತಿಕೊಂಡೇ ಒಳಗೆ ಹೋದ. ಹೊಟ್ಟೆನೋವಿನವನು ಆಸ್ಪತ್ರೆಗೆ ಬಂದ ಹಾಗೆ ಕಾಣುತ್ತಿತ್ತು.

ಮೇಜಿನ ಹಿಂದೆ ಒಬ್ಬ ಪೇದೆ ಕೂತಿದ್ದ. ಯಾಕಣ್ಣ, ಮಡಚು ಚಾಕು ಇಟ್ಟುಕೊಂಡು ಓಡಾಡಿದರೆ ತಪ್ಪೇ ಎಂದು ಕೇಳಿದ.

"ಯಾರ ಹತ್ರ ಇದೆ?"

"ಯಾರ ಹತ್ರಾನೂ ಅಂತ ಅಲ್ಲ. ಸುಮ್ನೆ, ತಿಳ್ಕೊಳ್ಳೋಣ ಅಂತ."

ಇಷ್ಟು ವರ್ಷದ ನೌಕರಿಯಲ್ಲಿ ಸುಮ್ಮನೆ ತಿಳಿದುಕೊಳ್ಳಲು ಠಾಣೆಗೆ ಬಂದವನನ್ನು ಪೇದೆ ಕಂಡಿರಲಿಲ್ಲ. ಬೆಂಚಿನ ಮೇಲೆ ಕೂರಿಸಿ, ಹೆಸರು ವಿಳಾಸ ಬರೆದುಕೊಂಡ. ಜೇಬಿನ ಮೇಲಿಂದ ಕೈ ತೆಗೆಸಿದ. ಚಾಕು ಮೇಜಿನ ಮೇಲೆ ಬಂತು. ಅಲಗನ್ನು ಬಿಚ್ಚಿದ, ಮಡಚಿದ, ಮತ್ತೆ ಬಿಚ್ಚಿದ. ಒಳ್ಳೇ ಚಾಕು ಎಂದು ಮೆಚ್ಚಿಕೊಂಡ. ಆಮೇಲೆ ಯಾಕಣ್ಣನ ಮುಖವನ್ನು ಒಂದು ನಿಮಿಷ ದಿಟ್ಟಿಸಿ, ತಪ್ಪಲ್ಲ ಬಿಡಿ ಎಂದ.

ಯಾಕಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಆದರೂ ಅವನ ಹುಟ್ಟುಗುಣ ಸುಮ್ಮನಿರಬೇಕಲ್ಲ. ಯಾಕೆ ತಪ್ಪಲ್ಲ ಎಂದು ಕೇಳಿಬಿಟ್ಟ.

"ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದ ಪೇದೆ.

"ಮುಖದ ವಿಚಾರ ಯಾವ ಕಲಮಿನಲ್ಲಿ ಬರುತ್ತೆ ಸಾರ್?"

ಪೇದೆ ಪಕ್ಕದವನನ್ನು ಕೇಳಿದ. ಪಕ್ಕದವನು, ಬಿಚ್ಚಿದ ಅಲಗು ತಾನಾಗಿ ಗಟ್ಟಿ ನಿಂತರೆ ತಪ್ಪು ಎಂದ. ಒಳಗಿನ ಕೋಣೆಯಿಂದ ಬಂದವನು, ಅದೆಲ್ಲ ಅಲ್ಲ, ಗುಂಡಿ ಒತ್ತಿದರೆ ಚಿಮ್ಮುವಂಥದ್ದು ಮಾತ್ರ ತಪ್ಪು ಎಂದ. ಮೂವರಿಗೂ ಮಾತಿಗೆ ಮಾತು ಬೆಳೆಯಿತು. ಕಾನೂನಿನ ಪುಸ್ತಕ ತೆಗೆಯೋಣವೆಂದರೆ ಠಾಣೆಯಲ್ಲಿ ದೊಡ್ಡ ಕಾನೂನುಗಳ ಪುಸ್ತಕವಿತ್ತೇ ಹೊರತು ಊರಿನ ಉಪವಿಧಿಗಳ ಪುಸ್ತಕ ಇರಲಿಲ್ಲ. ಕೊನೆಗೆ ಪೇದೆ ಚಾಕುವನ್ನು ವಾಪಸು ಕೊಟ್ಟು, ಆ ಪುಸ್ತಕ ಎಲ್ಲಾದರೂ ಸಿಕ್ಕಿದರೆ ತಮಗೂ ಒಂದು ನಕಲು ಕಳಿಸಬೇಕೆಂದು ಕೇಳಿಕೊಂಡ. ಅಷ್ಟು ಹೊತ್ತಿಗೆ ಗಂಟೆ ಒಂದೂ ಮುಕ್ಕಾಲು.

ಅಷ್ಟರಲ್ಲಿ ಹೊರಗೆ ಬೇರೆಯೇ ಕತೆ ನಡೆದಿತ್ತು. ಯಾಕಣ್ಣನ ಮನೆಯ ಮೇಲಿನ ಮಹಡಿಯಾಕೆ ಅದೇ ರಸ್ತೆಯಲ್ಲಿ ಹೋಗುತ್ತ, ಠಾಣೆಯ ಕಿಟಕಿಯಲ್ಲಿ ಅವನನ್ನು ಕಂಡಿದ್ದಳು. ಬೆಂಚಿನ ಮೇಲೆ ಅವನು, ಮೇಜಿನ ಮೇಲೆ ಚಾಕು, ಸುತ್ತ ಮೂವರು ಪೊಲೀಸರು. ಇಂಥ ನೋಟ ಸಿಕ್ಕಮೇಲೆ ಆಕೆ ಇನ್ನೇನು ವಿಚಾರಿಸುತ್ತಾಳೆ? ಯಾಕಣ್ಣನ ಹೆಂಡತಿಗೆ ಫೋನ್ ಮಾಡಿದಳು. ಹೆಂಡತಿ ಕಚೇರಿಗೆ ಮಾಡಿದಳು. ಮೇಡಂ ಹಾಲಿಗೆ ಬಂದು ಹೇಳಿದರು. ಯಾಕಣ್ಣ ಬಾಗಿಲು ದೂಡಿಕೊಂಡು ಒಳಗೆ ಬಂದಾಗ, ಅವನ ಕಿಟಕಿ ಪಕ್ಕದ ಕುರ್ಚಿ ಯಾರಿಗೆ ಸಲ್ಲಬೇಕು ಎಂದು ಸ್ಕೇಲು ಮತ್ತು ಇನ್ನಿಬ್ಬರು ಬಹಳ ದುಃಖದಿಂದ ಚರ್ಚಿಸುತ್ತಿದ್ದರು.

ಮೇಜಿನ ಫೋನ್ ಮತ್ತೆ ಹೊಡೆದುಕೊಂಡಿತು.

"ರೀ, ಬಿಟ್ರಾ?" ಹೆಂಡತಿಯ ದನಿ.

ಹಿಡಿದೇ ಇಲ್ಲ, ಕಾನೂನು ಕೇಳಲು ತಾನೇ ಹೋಗಿದ್ದೆ ಎಂದು ಯಾಕಣ್ಣ ಹೇಳಿದ. ಹಿಡಿದಿದ್ದರೇ ಅವಳಿಗೆ ಅರ್ಥ ಮಾಡಿಕೊಳ್ಳಲು ಸುಲಭವಾಗುತ್ತಿತ್ತೋ ಏನೋ. ಆಮೇಲೆ ಶುರುವಾಯಿತು. ಎಲ್ಲರೂ ಹಾಕಿದ ಸಹಿ ನಿಮಗೆ ಮಾತ್ರ ಯಾಕೆ ಭಾರ, ಮದುವೆಯ ರಿಜಿಸ್ಟರನ್ನೂ ಮುಕ್ಕಾಲು ಗಂಟೆ ಓದಿ ಸಹಿ ಹಾಕಿದ ಮನುಷ್ಯ ನೀವು, ಹಿಂದೆ ಮೂರು ಜೋಡಿ ಕಾಯುತ್ತ ನಿಂತಿದ್ದರು, ಅದರಲ್ಲೊಂದು ಜೋಡಿ ಜಗಳಾಡಿಕೊಂಡು ವಾಪಸು ಹೋಯಿತು, ಆ ಪಾಪ ಯಾರ ತಲೆಗೆ ಎಂದೆಲ್ಲ ಕೇಳಿದಳು. ಯಾಕಣ್ಣ ಹೂಂಗುಟ್ಟಿದ.

"ನೋಡಿ," ಅವಳ ದನಿ ಸ್ವಲ್ಪ ಇಳಿಯಿತು, "ಆ ಚಾಕು ಸ್ಟೋರಿಗೆ ಹೋದ್ರೆ ಅಪ್ಪಂಗೆ ನೀವೇ ಹೇಳ್ಬೇಕು. ನಾನು ಮಧ್ಯ ಬರಲ್ಲ. ಅವರಿಗೆ ಅದು ಕೊಡೋಕೆ ಮನಸ್ಸು ಬಂದಿದ್ದೇ ಹೆಚ್ಚು."

ಅದು ಅವನಿಗೂ ಗೊತ್ತಿತ್ತು. ಸ್ಟೋರಿಗೆ ಹೋದ ವಸ್ತು ಈವರೆಗೆ ಹಿಂದಿರುಗಿದ್ದಿಲ್ಲ. ಪೆನ್ನನ್ನು ಹಿಡಿದು ಸುತ್ತೋಲೆಯ ಮೇಲೆ ಬಾಗಿದ. ಅರ್ಥ ಮಾಡಿಕೊಂಡಿದ್ದೇನೆ. ಏನನ್ನು? ಪೆನ್ನಿನ ಮುಚ್ಚಳ ಹಾಕಿದ. ಇಷ್ಟು ಹೊತ್ತಿಗೆ ಅವನಿಗೆ ಚಾಕು ಉಳಿಯಬೇಕೆಂಬ ಚಿಂತೆ ಎಷ್ಟಿತ್ತೋ, ಅಷ್ಟೇ ಆ ಕಾನೂನಿನಲ್ಲಿ ನಿಜವಾಗಿ ಏನಿದೆ ಎಂಬ ಹುಳುವೂ ತಲೆಯೊಳಗೆ ಕೊರೆಯುತ್ತಿತ್ತು. ಐದು ಉದ್ದ, ಮೂವರು ಪೊಲೀಸರು, ಒಂದು ಮುಖ. ಇವರಲ್ಲಿ ಯಾರೋ ಒಬ್ಬರದಾದರೂ ಸರಿ ಇರಲೇಬೇಕಲ್ಲ.

ಕಟ್ಟಡದ ನೆಲಮಾಳಿಗೆಯಲ್ಲಿ ದಫ್ತರ ಕೋಣೆ. ಅದರ ಯಜಮಾನ ಬೀಗದ ಮಾಮ. ಮೂವತ್ತು ವರ್ಷದಿಂದ ಹಳೆಯ ಕಡತಗಳನ್ನು ಕಾಯುತ್ತಿರುವ ಈತನ ಹತ್ತಿರ ಚಾಕು ಇರಲೇ ಇಲ್ಲ, ಆದರೂ ಬೆಳಿಗ್ಗೆ ಎಲ್ಲರ ಜೊತೆ ಸಹಿ ಹಾಕಿದ್ದ. ಊರಿನ ಉಪವಿಧಿಗಳ ಪುಸ್ತಕ ಇದೆಯೇ ಎಂದು ಕೇಳಿದಾಗ, ಇಲ್ಲದೆ ಏನು ಎಂದು ಏಣಿ ಹತ್ತಿ, ಮೇಲಿನ ಹಲಗೆಯಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕವನ್ನು ಇಳಿಸಿ ಧೂಳು ಊದಿದ. ಯಾಕಣ್ಣ ಅದನ್ನು ತಿರುವಿದ. ವಿಷಯಸೂಚಿಯಲ್ಲಿ ಸ್ಪಷ್ಟವಾಗಿ ಇತ್ತು: ಮಡಚು ಚಾಕುಗಳು, ಪುಟ ನೂರಾ ನಲವತ್ತಾರು.

ಆದರೆ ಆ ಪುಟ ತೆರೆದುಕೊಳ್ಳಲಿಲ್ಲ. ಹಳೆಯ ಕಾಲದ ಅಚ್ಚು. ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹೊಲಿದಿದ್ದರು, ಅಂಚನ್ನು ಕತ್ತರಿಸಿರಲಿಲ್ಲ. ಮೊದಲ ಕೆಲವು ಪುಟ ಬಿಟ್ಟರೆ ಉಳಿದದ್ದೆಲ್ಲ ಒಂದಕ್ಕೊಂದು ಅಂಟಿಕೊಂಡ ಚೀಲಗಳು. ಅಚ್ಚಾದಂದಿನಿಂದ ಇವತ್ತಿನವರೆಗೆ ಈ ಊರಿನಲ್ಲಿ ಒಬ್ಬನೇ ಒಬ್ಬನೂ ಅದನ್ನು ಓದಿರಲಿಲ್ಲ. ಯಾಕಣ್ಣ ಮಡಿಕೆಯೊಳಗೆ ಒಂದು ಕಣ್ಣು ಹಾಕಿ ಇಣುಕಿದ. "ಮಡಚು ಚಾಕುವನ್ನು ಯಾವ ನಾಗರಿಕನೂ" ಎಂಬಲ್ಲಿಯವರೆಗೆ ಕಂಡಿತು. ಅಲ್ಲಿಂದಾಚೆ ಕತ್ತಲೆ.

ಅವನು ಜೇಬಿಗೆ ಕೈ ಹಾಕಿದ. ಬೀಗದ ಮಾಮ ಗೋಡೆಯ ಮೇಲಿನ ಬೋರ್ಡಿನತ್ತ ಬೆರಳು ತೋರಿಸಿದ. ದಫ್ತರ ಕೋಣೆಯೊಳಗೆ ಬೆಂಕಿ, ಮಸಿ, ಹರಿತವಾದ ವಸ್ತು ತರಕೂಡದು. ಹಾಗಾದರೆ ಪುಸ್ತಕವನ್ನು ಹೊರಗೆ ಕೊಡು ಎಂದ ಯಾಕಣ್ಣ. ಮಾಮ ಬೋರ್ಡಿನ ಎರಡನೆಯ ಸಾಲನ್ನು ತೋರಿಸಿದ. ಪುಸ್ತಕಗಳು ಕೋಣೆ ಬಿಟ್ಟು ಹೊರಗೆ ಹೋಗಕೂಡದು. ಚಾಕು ಒಳಗೆ ಬರುವಂತಿಲ್ಲ, ಪುಸ್ತಕ ಹೊರಗೆ ಹೋಗುವಂತಿಲ್ಲ. ಯಾಕಣ್ಣ ಬೋರ್ಡು ಬಿಟ್ಟು ಬಾಗಿಲು ನೋಡಿದ.

"ಹೊಸಿಲು ಒಳಗಾ, ಹೊರಗಾ?" ಯಾಕಣ್ಣ ಕೇಳಿದ.

ಮಾಮನಿಗೂ ಆ ಪ್ರಶ್ನೆ ಹಿಡಿಸಿತು. ಮೂವತ್ತು ವರ್ಷದಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಪಾಪ. ಯೋಚಿಸಿ, ಹೊಸಿಲು ಎರಡೂ ಅಲ್ಲ ಎಂದು ತೀರ್ಮಾನ ಕೊಟ್ಟ. ತಾನು ಒಳಗೆ ಕುರ್ಚಿ ಹಾಕಿಕೊಂಡು, ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು, ಅಂಚು ಮಾತ್ರ ಹೊಸಿಲಿನ ಮೇಲೆ ಬರುವಂತೆ ಚಾಚಿದ. ಯಾಕಣ್ಣ ಹೊರಗೆ ಮೆಟ್ಟಿಲ ಮೇಲೆ ಮಂಡಿಯೂರಿ, ಚಾಕು ಬಿಚ್ಚಿ, ಮಡಿಕೆಯೊಳಗೆ ಅಲಗು ತೂರಿಸಿ ಎಳೆದ. ಪುಟ ನೂರಾ ನಲವತ್ತಾರು ತೆರೆದುಕೊಂಡಿತು.

"ಮಡಚು ಚಾಕುವನ್ನು ಯಾವ ನಾಗರಿಕನೂ ಭಯಪಡದೆ ಒಯ್ಯಬಹುದು, ಆದರೆ ಕೆಳಗಿನ ಕಲಮುಗಳಿಗೆ ಒಳಪಟ್ಟು," ಎಂದು ಮಾಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ.

ಕಲಮುಗಳು ನಾಲ್ಕು. ಒಂದು, ಅಲಗು ಒಯ್ಯುವವನ ಅಂಗೈಗಿಂತ ಉದ್ದವಿರಬಾರದು, ಮೊನೆಯಿಂದ ಹಿಡಿಯವರೆಗೆ ನೇರವಾಗಿ ಅಳೆಯತಕ್ಕದ್ದು. ಎರಡು, ಅಲಗು ತಾನಾಗಿ ಚಿಮ್ಮಬಾರದು. ಮೂರು, ಯಾವನ ನಿತ್ಯದ ಉದ್ಯೋಗಕ್ಕೆ ಅದು ಅವಶ್ಯವೋ ಅವನು ಕೆಲಸದ ಸ್ಥಳದಲ್ಲೂ, ಹೋಗುವ ಬರುವ ದಾರಿಯಲ್ಲೂ ಒಯ್ಯಬಹುದು, ಉಳಿದವರು ಒಯ್ಯಕೂಡದು. ನಾಲ್ಕು, ಒಬ್ಬನ ಬಳಿ ಒಂದಕ್ಕಿಂತ ಹೆಚ್ಚು ಇರಕೂಡದು. ಯಾಕಣ್ಣ ತನ್ನ ಅಂಗೈಯ ಮೇಲೆ ಅಲಗನ್ನು ಇಟ್ಟು ನೋಡಿದ. ಒಂದು ಉಗುರಿನಷ್ಟು ಕಡಿಮೆಯೇ ಇತ್ತು. ದಿನಾ ಹುರಿ ಕತ್ತರಿಸುವವನಿಗೆ ಚಾಕು ಅವಶ್ಯ ಎಂಬುದರಲ್ಲಿ ಅನುಮಾನವೇ ಇಲ್ಲ. ಎಲ್ಲ ಸರಿ ಇತ್ತು, ಅಷ್ಟೂ ಸರಿ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರಾಡಿತು.

ಗಂಟೆ ಮೂರೂ ಆಗಿರಲಿಲ್ಲ. ಆಗಲೇ ಎದ್ದು ಹೋಗಿ ಸಹಿ ಹಾಕಬಹುದಿತ್ತು. ಆದರೆ ಮೂರನೆಯ ಕಲಮಿನ ಕೊನೆಯಲ್ಲಿ, ನಿತ್ಯದ ಉದ್ಯೋಗ ಎಂದರೇನು ಎಂಬುದಕ್ಕೆ ಪುಟ ಎಪ್ಪತ್ತೊಂದನ್ನು ನೋಡಿ ಎಂದಿತ್ತು. ಎಪ್ಪತ್ತೊಂದನ್ನು ಕತ್ತರಿಸಿದರು. ಅದು ಇನ್ನೂರಾ ಎಂಟನ್ನು ನೋಡಿ ಎಂದಿತು. ಇನ್ನೂರಾ ಎಂಟರ ಎದುರಿನ ಪುಟದಲ್ಲಿ, ಮಹಡಿಯಿಂದ ಚಾಪೆ ಕೊಡವುವ ಸಮಯದ ಬಗ್ಗೆ ಒಂದು ನಿಯಮವಿತ್ತು. ಮೇಲಿನ ಮಹಡಿಯಾಕೆಗೆ ಇದನ್ನು ತೋರಿಸಬೇಕೆಂದು ಯಾಕಣ್ಣ ಬರೆದುಕೊಂಡ. ಮುಂದಿನ ಹಾಳೆ ಎಂದ ಮಾಮ. ಅಷ್ಟು ಹೊತ್ತಿಗೆ ಮಾಮನಿಗೂ ರೋಗ ಅಂಟಿತ್ತು. ಬೀದಿಯಲ್ಲಿ ಗಂಟೆ ಬಾರಿಸುವವರಿಗೆ, ನಾಯಿ ಸಾಕುವವರಿಗೆ, ಏಣಿ ಹೊತ್ತು ನಡೆಯುವವರಿಗೆ, ಎಲ್ಲರಿಗೂ ಒಂದೊಂದು ಕಲಮು. ಹೊಸಿಲಿನ ಆಚೆ ಒಬ್ಬ, ಈಚೆ ಒಬ್ಬ, ನಡುವೆ ಚಾಕುವಿನ ಸರ್ ಸರ್ ಸದ್ದು. ಕೊನೆಯ ಹಾಳೆ ಕತ್ತರಿಸಿ ತಲೆಯೆತ್ತಿದಾಗ ನಾಲ್ಕೂವರೆ.

ಓಡಿ ಬಂದು ತನ್ನ ಮೇಜಿನಲ್ಲಿ ಕೂತ. ಬರೀ ಸಹಿ ಹಾಕಿದರೆ, ಅರ್ಥವಾಗಿದೆ ಎಂದು ನಂಬುವುದು ಹೇಗೆ ಎಂದು ಅನ್ನಿಸಿತು. ಒಂದು ಪುಟ ತುಂಬ ಕಾನೂನನ್ನು ಬರೆದ. ನಾಲ್ಕು ಕಲಮು, ಪುಟಸಂಖ್ಯೆ, ತನ್ನ ಅಂಗೈಯ ಅಳತೆ, ತನ್ನ ಕೆಲಸದ ವಿವರ. ಕೆಳಗೆ ಸಹಿ. ಐದಕ್ಕೆ ಆರು ನಿಮಿಷವಿರುವಾಗ ಮೇಡಂ ಮುಂದೆ ಇಟ್ಟ. ಮೇಡಂ ಓದಿದರು, ಮತ್ತೊಮ್ಮೆ ಓದಿದರು. ಹಾಳೆ ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದರು. ಎರಡು ನಿಮಿಷದಲ್ಲಿ ಯಾಕಣ್ಣನಿಗೂ ಕರೆ ಬಂತು.

ಸಾಹೇಬರ ಮುಖ ಅವತ್ತು ಮಧ್ಯಾಹ್ನದಿಂದ ಬಾಡಿತ್ತು. ಕೇಂದ್ರ ಕಚೇರಿಯಿಂದ ಫೋನ್ ಬಂದಿತ್ತಂತೆ. ಪ್ರತಿ ಕಚೇರಿಯಲ್ಲೂ ಒಂದು ಕಾನೂನು ಶಾಖೆ ಆಗಬೇಕು, ಈ ಚಾಕುವಿನ ಕಾನೂನನ್ನು ನಿಜವಾಗಿ ತಿಳಿದ ಒಬ್ಬರನ್ನು ಅದಕ್ಕೆ ಹಾಕಿ ಇವತ್ತು ಐದು ಗಂಟೆಗೆ ಹೆಸರು ಕಳಿಸಿ ಎಂದಿದ್ದರಂತೆ. ಸಹಿ ಮೂವತ್ತೆಂಟು ಇತ್ತು, ತಿಳಿದವರು ಒಬ್ಬರೂ ಇರಲಿಲ್ಲ. ಈಗ ಯಾಕಣ್ಣನ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಸಾಹೇಬರು ಎದ್ದು ನಿಂತಿದ್ದರು.

"ಈ ಕಚೇರಿ ಮಾನ ಉಳಿಸಿದ್ರಿ ಕಣ್ರೀ," ಎಂದರು. ಇವತ್ತು ಐದು ಗಂಟೆಯಿಂದಲೇ ಯಾಕಣ್ಣ ಕಾನೂನು ಶಾಖೆ. ಮೇಲಿನ ಮಹಡಿಯಲ್ಲಿ ಪ್ರತ್ಯೇಕ ಕೋಣೆ, ತಿರುಗುವ ಕುರ್ಚಿ. ಬಡ್ತಿ ಬೇಡವೆನ್ನಲು ಇದು ಬಡ್ತಿಯಲ್ಲ, ನೇಮಕ. ಹೆಸರು ಆಗಲೇ ಫೋನಿನಲ್ಲಿ ಹೋಗಿಯೂ ಆಗಿತ್ತು.

ಯಾಕಣ್ಣನಿಗೆ ಕಿಟಕಿ ಪಕ್ಕದ ಮೇಜು, ನಾಳೆ ಬರಲಿರುವ ಕೊಳವೆಗಳು ಕಣ್ಣ ಮುಂದೆ ಬಂದವು. ಟಪಾಲು ಯಾರು ಬಿಚ್ಚುತ್ತಾರೆ ಎಂದು ಕೇಳಿದ. ಸ್ಕೇಲು ಬಿಚ್ಚುತ್ತಾನಂತೆ, ಮಧ್ಯಾಹ್ನವೇ ಕೇಳಿಕೊಂಡಿದ್ದನಂತೆ. ಕಾನೂನು ಶಾಖೆಗೆ ಬರುವ ಕಾಗದಗಳು ಬಿಚ್ಚಿಯೇ ಬರುತ್ತವೆ, ನೀವು ಓದಿದರೆ ಸಾಕು ಎಂದರು ಸಾಹೇಬರು. ಹಾಗೆನ್ನುತ್ತ ಹಾಳೆಯ ಮೇಲೆ ಕಣ್ಣಾಡಿಸುತ್ತಿದ್ದವರು ಮೂರನೆಯ ಕಲಮಿನ ಹತ್ತಿರ ನಿಂತರು.

"ಅಂದ ಹಾಗೆ, ಕಾನೂನು ಶಾಖೆಯಲ್ಲಿ ಚಾಕುವಿಗೆ ಏನು ಕೆಲಸ?"

ಗೋಡೆ ಗಡಿಯಾರದಲ್ಲಿ ಐದು ದಾಟಿ ಒಂದು ನಿಮಿಷವಾಗಿತ್ತು. ಯಾಕಣ್ಣ ನಿಜಕ್ಕೂ ಯೋಚಿಸಿದ. ಪುಸ್ತಕದ ಹಾಳೆ ಬಿಡಿಸಲು ಬೇಕಾಗುತ್ತದೆ ಸಾರ್ ಎಂದ, ದನಿಯಲ್ಲಿ ಆಸೆ ತುಂಬಿಕೊಂಡು. ಒಳ್ಳೇದಾಯಿತು, ಎಷ್ಟು ಹಾಳೆ ಉಳಿದಿದೆ ಎಂದು ಸಾಹೇಬರು ಕೇಳಿದರು. ಇವನಿಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ.

"ಒಂದೂ ಇಲ್ಲ ಸಾರ್. ಮಧ್ಯಾಹ್ನ ಎಲ್ಲಾ ಕತ್ತರಿಸಿಬಿಟ್ಟೆ."

"ಬೇರೆ ಪುಸ್ತಕ?"

"ಬೇರೆಯವೆಲ್ಲ ಕತ್ತರಿಸಿಯೇ ಅಚ್ಚಾಗಿವೆ ಸಾರ್. ಅದನ್ನೂ ನೋಡಿದೆ."

"ಹಾಗಾದ್ರೆ ಕಾನೂನು ಏನು ಹೇಳುತ್ತೆ? ನನಗೆ ಗೊತ್ತಿಲ್ಲಪ್ಪ, ಶಾಖೆ ನಿಮ್ಮದು."

"ಇಟ್ಟುಕೊಳ್ಳೋ ಹಾಗಿಲ್ಲ ಸಾರ್," ಎಂದ ಯಾಕಣ್ಣ. "ಮನೆಗೆ ಒಯ್ಯೋ ಹಾಗೂ ಇಲ್ಲ. ದಾರಿಯಲ್ಲೂ ಕೆಲಸಕ್ಕೆ ಬೇಕಾದವನೇ ಒಯ್ಯಬೇಕು ಅಂತ ಬರೆದಿದೆ."

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಸ್ಕೇಲು ಒಳಗೆ ತಲೆ ಹಾಕಿದ. ಕುರ್ಚಿ ಸಿಕ್ಕ ಖುಷಿಗೋ, ಸ್ನೇಹಕ್ಕೋ, ಅದನ್ನು ತಾನೇ ಜೇಬಲ್ಲಿಟ್ಟುಕೊಂಡು ಯಾಕಣ್ಣನ ಮನೆಗೆ ಮುಟ್ಟಿಸುತ್ತೇನೆ ಎಂದ. ತನ್ನ ಕೆಲಸಕ್ಕೆ ಚಾಕು ಬೇಕೇ ಬೇಕು, ತನ್ನನ್ನು ಯಾರೂ ಕೇಳುವಂತಿಲ್ಲ. ಸಾಹೇಬರೂ ಅದು ಆಗಬಹುದು ಎಂದು ತಲೆಯಾಡಿಸಿದರು. ಎಲ್ಲರೂ ಯಾಕಣ್ಣನ ಮುಖ ನೋಡಿದರು. ಅವನು ಹೂಂ ಎಂದಿದ್ದರೆ ಅಲ್ಲಿಗೆ ಮುಗಿದಿತ್ತು.

"ನಿನ್ನ ಹತ್ರ ನಿಂದೊಂದು ಇದೆಯಲ್ಲೋ," ಎಂದ ಯಾಕಣ್ಣ ಸಣ್ಣ ದನಿಯಲ್ಲಿ. "ನಾಲ್ಕನೇ ಕಲಮು."

ಸಾಹೇಬರು ಅವನ ಬೆನ್ನು ತಟ್ಟಿದರು. ಇಂಥವರೇ ಬೇಕು ಎಂದರು. ಕಾನೂನು ಶಾಖೆಯ ಮೊದಲ ಆದೇಶ ಇದೇ ಆಗಲಿ, ಚಾಕು ಸ್ಟೋರಿಗೆ ಜಮಾ ಮಾಡುವ ಆದೇಶವನ್ನು ನೀವೇ ಬರೆದು ನೀವೇ ಸಹಿ ಮಾಡಿ ಎಂದು ಬಿಳಿ ಹಾಳೆ ಮುಂದಿಟ್ಟು, ಟೋಪಿ ಹಾಕಿಕೊಂಡು ಮನೆಗೆ ಹೊರಟರು. ಹಾಲಿನವರೂ ಒಬ್ಬೊಬ್ಬರಾಗಿ ಹೊರಟರು. ಹೋಗುತ್ತ, ಅವನಿಗೆ ಶುಭ ಕೋರಿ, ತಮ್ಮ ಚಾಕು ತಮ್ಮ ಹತ್ತಿರ ಇರಬಹುದು ತಾನೇ ಎಂದು ವಿಚಾರಿಸಿದರು. ಕೆಲಸಕ್ಕೆ ಬೇಕಾದವರು ಇಟ್ಟುಕೊಳ್ಳಬಹುದು ಎಂದು ಯಾಕಣ್ಣ ಕೇಳಿದವರಿಗೆಲ್ಲ ಹೇಳಿದ. ಅವರ ಜೇಬುಗಳು ಅವನ ಮುಂದೆಯೇ ಮೆಟ್ಟಿಲಿಳಿದು ಹೋದವು.

ಅವನು ಕೂತು ಆದೇಶ ಬರೆದ. ಕಲಮು, ಪುಟಸಂಖ್ಯೆ, ಕಾರಣ, ಹೊತ್ತು, ಎಲ್ಲ ಬರೆದ. ಮಾವನಿಗೆ ಏನು ಹೇಳುವುದೆಂದು ಮಾತ್ರ ಯಾವ ಕಲಮಿನಲ್ಲೂ ಇರಲಿಲ್ಲ. ಬರೆದು ಮುಗಿಸಿ, ಎಲ್ಲಾದರೂ ಒಂದು ತಪ್ಪು ಸಿಕ್ಕೀತೇನೋ, ಸಿಕ್ಕರೆ ಆದೇಶ ಬಿದ್ದುಹೋದೀತೇನೋ ಎಂದು ಮೊದಲಿನಿಂದ ಕೊನೆಯವರೆಗೆ ಮೂರು ಸಲ ಓದಿದ. ಒಂದು ಅಕ್ಷರವೂ ತಪ್ಪಿರಲಿಲ್ಲ. ಎಲ್ಲವೂ ಚೆನ್ನಾಗಿ ಅರ್ಥವಾಯಿತು. ಸಹಿ ಹಾಕಿದ.